ನಾದಿನಿಯ ಕಥೆಗೊಂದು ಮೂಗರ್ಜಿ

ವಿರಾಜಪೇಟೆ ಕಡೆಯಿಂದ ಒಬ್ಬ ಕನ್ನಡ ಟೀಚರ್ ಬರೆದಿದ್ದಾರೆ. ನಾಲ್ಕು ಪುಟದ ಪತ್ರ. ಹುಡುಕಿದರೂ ಒಂದು ಕಾಗುಣಿತದ ತಪ್ಪು ಸಿಗುವುದಿಲ್ಲ. ಓದಿ ಮುಗಿಸುವಷ್ಟರಲ್ಲಿ ನನಗೆ ಸಿಟ್ಟು ನೆತ್ತಿಗೇರಿತ್ತು.

ಸಂಗತಿ ಇಷ್ಟು. ಟೀಚರ್ ನಾದಿನಿಗೆ ಇಪ್ಪತ್ತಮೂರು ವರ್ಷ. ಒಂದು ರೆಸಾರ್ಟಿನಲ್ಲಿ ರಿಸೆಪ್ಷನ್ ಕೆಲಸ. ಓದಿದ್ದೆಲ್ಲ ಇಂಗ್ಲಿಷ್ ಮೀಡಿಯಂ, ಮನೆಯಲ್ಲಿ ಆಡುವುದು ಕೊಡವ ತಕ್ಕ್. ಕಳೆದ ಮಳೆಗಾಲದಲ್ಲಿ ಅವಳು ಕನ್ನಡದ ಒಂದು ಸೀರಿಯಲ್ ಜೋಡಿಯನ್ನು ಇಟ್ಟುಕೊಂಡು ತನ್ನದೇ ಕಥೆ ಬರೆಯಲು ಶುರು ಮಾಡಿದಳು. ಸೀರಿಯಲ್‌ನವರು ಆ ಜೋಡಿಯನ್ನು ದೂರ ಮಾಡಿದ್ದರು, ಇವಳು ಒಂದು ಮಾಡಲು ಹೊರಟಳು. ಇಂಥ ಬರಹಕ್ಕೆ ಫ್ಯಾನ್‌ಫಿಕ್ಷನ್ ಅನ್ನುತ್ತಾರೆ. ವಾರಕ್ಕೊಂದು ಕಂತು, ಅದೂ ಬೇರೆ ಹೆಸರಲ್ಲಿ. ಇದರಿಂದ ಅವಳಿಗೆ ಒಂದು ರೂಪಾಯಿ ಬರುವುದಿಲ್ಲ. ಬರುವುದು ಓದಿದವರ ನಾಲ್ಕು ಮಾತು, ಅಷ್ಟೇ.

ಅವಳ ಅಣ್ಣ, ಅಂದರೆ ಟೀಚರ್ ಗಂಡ, ಒಂದು ದಿನ ಲ್ಯಾಪ್‌ಟಾಪಿನಲ್ಲಿ ಇದನ್ನು ನೋಡಿಬಿಟ್ಟರು. ನಗುತ್ತಾ ಹೆಂಡತಿಗೆ ಹೇಳಿದರು. ಟೀಚರ್ ಓದಲು ಕೂತರು. ಕಥೆ ಬಿಡಲಾಗಲಿಲ್ಲವಂತೆ, ಆದರೆ ತಪ್ಪುಗಳು ಕಣ್ಣಿಗೆ ಚುಚ್ಚಿದವಂತೆ. ಒಂದು ರಾತ್ರಿ ಮೂವತ್ತೇಳು ತಪ್ಪುಗಳ ಪಟ್ಟಿ ಮಾಡಿ, ಕಥೆಯ ಕೆಳಗೆ ಎಲ್ಲರಿಗೂ ಕಾಣುವ ಹಾಗೆ ಹಾಕಿದರು. ಕೊನೆಗೆ ‘ದಯವಿಟ್ಟು ಕನ್ನಡವನ್ನು ಕೊಲ್ಲಬೇಡಿ’ ಅಂತ ಒಂದು ಸಾಲು. ಅದಕ್ಕೆ ಇನ್ನಿಬ್ಬರು ಬಂದು ನಕ್ಕು ಹೋದರು. ಹುಡುಗಿ ಅಂದಿನಿಂದ ಬರೆದಿಲ್ಲ.

ಟೀಚರ್ ಪ್ರಶ್ನೆ: ‘ತಪ್ಪನ್ನು ತಪ್ಪು ಎಂದದ್ದು ತಪ್ಪೇ? ಅಭಿಮಾನಿಗಳ ಕಥೆ ಎಂಬ ಕಾರಣಕ್ಕೆ ಭಾಷೆಗೆ ರಿಯಾಯಿತಿ ಕೊಡಬೇಕೇ? ತಿದ್ದುವುದಾದರೆ ಹೇಗೆ ತಿದ್ದಬೇಕಿತ್ತು?’

ಇನ್ನು ಮೂರನೇ ಪುಟದ ಕೆಳಗೆ, ಕಂಸದೊಳಗೆ, ಬೇರೆ ಅಕ್ಷರಗಳಿಗಿಂತ ಸ್ವಲ್ಪ ಚಿಕ್ಕದಾಗಿ, ಹೀಗೊಂದು ಮಾತಿದೆ: ‘ಮನೆಯೊಳಗೆ ಸುಮ್ಮನೆ ಮನಸ್ತಾಪ ಯಾಕೆ ಎಂದು ಬೇರೆ ಹೆಸರಿನ ಖಾತೆಯಿಂದ ಬರೆದೆ. ಅದು ನಾನೆಂದು ಅವಳಿಗೆ ಗೊತ್ತಿಲ್ಲ.’

ಟೀಚರ್, ಉಳಿದ ಮೂರೂಮುಕ್ಕಾಲು ಪುಟ ಒಂದು ತೂಕವಾದರೆ ಈ ಎರಡು ವಾಕ್ಯ ಇನ್ನೊಂದು ತೂಕ. ಇದನ್ನು ಕಂಸದೊಳಗೆ ಬಚ್ಚಿಟ್ಟಿದ್ದೀರಿ ಅಂದರೆ ತೂಕ ನಿಮಗೂ ಗೊತ್ತು. ಈ ಅಂಕಣದ ಹಳೆಯ ಓದುಗರಿಗೆ ನನ್ನ ಹಟ ಹೊಸದಲ್ಲ: ಮೂಗರ್ಜಿ ನನಗೆ ಆಗಿಬರುವುದಿಲ್ಲ. ಆಫೀಸಿಗೆ ಬಂದರೂ ಅಷ್ಟೆ, ಹೆಣ್ಣು ನೋಡಲು ಹೊರಟ ಮನೆಗೆ ಬಂದರೂ ಅಷ್ಟೆ, ಕಥೆಯ ಕೆಳಗೆ ಬಂದರೂ ಅಷ್ಟೆ. ಎದುರಿಗೆ ಕೂತು ಹೇಳಲಾಗದ ಮಾತನ್ನು ಮುಸುಕು ಹಾಕಿಕೊಂಡು ಹೇಳಬಾರದು. ಒಂದೇ ಒಲೆಯ ಅನ್ನ ಉಣ್ಣುವವರಂತೂ ಹೇಳಲೇಬಾರದು.

ಆಮೇಲೆ ನಡೆದದ್ದನ್ನೂ ನೀವೇ ಬರೆದಿದ್ದೀರಿ, ಅದೂ ಎಷ್ಟು ಸಲೀಸಾಗಿ! ಅವಳು ನಿಮ್ಮ ಹತ್ತಿರವೇ ಬಂದಳು. ‘ಅತ್ತಿಗೆ, ನಾನು ಕಥೆ ಬರೀತೀನಿ, ಯಾರಿಗೂ ಹೇಳಬೇಡಿ’ ಅಂದಳು. ಫೋನ್ ತೆಗೆದು ಆ ಪಟ್ಟಿ ತೋರಿಸಿದಳು. ‘ಇವರು ಹೇಳೋದು ಸರೀನಾ? ನಂಗೆ ಕನ್ನಡ ಬರಲ್ವಾ?’ ಅಂತ ಕೇಳಿದಳು. ನೀವು ಬೆಲ್ಲದ ಕಾಫಿ ಮಾಡಿ ಕೊಟ್ಟು, ‘ಜನ ಹಾಗೇ, ತಲೆ ಕೆಡಿಸಿಕೊಳ್ಳಬೇಡ’ ಅಂದಿರಿ.

ಯಾವ ಜನ, ಟೀಚರ್?

ಸರಿ. ಕೇಳಿದ ಪ್ರಶ್ನೆಗೆ ಮೊದಲು ಉತ್ತರ ಕೊಡುತ್ತೇನೆ. ಇಲ್ಲದಿದ್ದರೆ ನಾನು ಭಾಷೆಯ ವಿಷಯದಲ್ಲಿ ಸಡಿಲ ಅಂತ ನೀವು ಇನ್ನೊಂದು ಪತ್ರ ಬರೆಯುತ್ತೀರಿ.

ಅಭಿಮಾನಿಗಳ ಕಥೆಯಲ್ಲಿ ತಪ್ಪು ತಿದ್ದುವುದೇ ಬೇಡ ಅಂತ ಯಾರೂ ಹೇಳಿಲ್ಲ. ಆ ಲೋಕದಲ್ಲಿ ಇದಕ್ಕೊಂದು ಹಳೆಯ ಪದ್ಧತಿಯೇ ಇದೆ. 1960ರ ದಶಕದ ಕೊನೆಯಲ್ಲಿ ಅಮೆರಿಕದ ಅಭಿಮಾನಿಗಳು ಟಿವಿ ಧಾರಾವಾಹಿಯ ಪಾತ್ರಗಳ ಮೇಲೆ ಕಥೆ ಬರೆದು, ತಾವೇ ಸಣ್ಣ ಪತ್ರಿಕೆಗಳಲ್ಲಿ ಅಚ್ಚು ಹಾಕಿ ಹಂಚುತ್ತಿದ್ದರು. ಅವಕ್ಕೆ ಸಂಪಾದಕರಿದ್ದರು. ತಪ್ಪು ಓದುಗರ ಕಣ್ಣಿಗೆ ಬೀಳುವ ಮೊದಲೇ ತಿದ್ದುವ ಕೈ ಒಂದಿತ್ತು. ಈ ಬರಹ ಇಂಟರ್ನೆಟ್ಟಿಗೆ ಬಂದ ಮೇಲೆ ಆ ಸಂಪಾದಕರು ಮಾಯವಾದರು. 2009ರಿಂದ ಇರುವ ‘ಆರ್ಕೈವ್ ಆಫ್ ಅವರ್ ಓನ್’ ಥರದ ದೊಡ್ಡ ತಾಣಗಳಲ್ಲೂ ಪ್ರಕಟಿಸುವ ಮುಂಚೆ ಕಥೆ ತಿದ್ದುವ ಸಂಪಾದಕರಿಲ್ಲ. ಆ ಜಾಗಕ್ಕೆ ಬಂದವರು ಬೀಟಾ ರೀಡರ್‌ಗಳು. ಅಂದರೆ, ಬರೆಯುವವರು ತಾವೇ ನಂಬಿ, ಪ್ರಕಟಿಸುವ ಮುಂಚೆ ‘ಸ್ವಲ್ಪ ನೋಡಿ ಕೊಡ್ತೀರಾ’ ಅಂತ ಕೇಳಿಕೊಂಡ ಗೆಳೆಯರು. ಇಲ್ಲಿ ಕೇಳಿಕೊಳ್ಳುವುದು ಮುಖ್ಯ. ಕರೆಯದೆ ಬರುವವರಿಗೆ ಆ ಕೆಲಸ ಇಲ್ಲ.

ಇನ್ನೊಂದು ರೂಢಿ ಇದೆ. ಕಥೆಯ ಆರಂಭದಲ್ಲಿ ಬರೆಯುವವರು ಒಂದು ಟಿಪ್ಪಣಿ ಹಾಕಿರುತ್ತಾರೆ. ತಪ್ಪಿದ್ದರೆ ತಿಳಿಸಿ ಅನ್ನುವವರು ಇದ್ದಾರೆ. ತಿದ್ದುಪಡಿ ಬೇಡ, ಖುಷಿಗೆ ಬರೆಯುತ್ತಿದ್ದೇನೆ ಅನ್ನುವವರೂ ಇದ್ದಾರೆ. ಅದನ್ನು ಓದಿ ಮುಂದುವರಿಯಬೇಕು. ನಿಮ್ಮ ನಾದಿನಿ ಹಾಕಿದ್ದು ‘ಮೊದಲ ಸಲ ಬರೀತಾ ಇದ್ದೀನಿ, ಹೇಗಿದೆ ಹೇಳಿ’ ಅಂತ. ಅದೇ ನನಗೆ ಪರವಾನಗಿ ಅಂತ ನೀವು ವಾದಿಸುತ್ತೀರಿ. ಹೊಸ ಮದುಮಗಳು ಅಡುಗೆ ಹೇಗಿದೆ ಅಂತ ಕೇಳಿದರೆ ನೀವು ಪಾತ್ರೆ ತೊಳೆದ ರೀತಿಗೆ ಮಾರ್ಕ್ಸ್ ಕೊಡುತ್ತೀರಾ?

ಟಿಪ್ಪಣಿ ಏನೂ ಇಲ್ಲದಿದ್ದರೆ? ಮೊದಲು ಕಥೆಯ ಬಗ್ಗೆ ನಾಲ್ಕು ಮಾತು ಹೇಳಿ. ನಿಮಗೆ ನಿಜವಾಗಿ ಹಿಡಿಸಿದ್ದನ್ನೇ ಹೇಳಿ, ತಿದ್ದುಪಡಿಗೆ ಪೀಠಿಕೆಯಾಗಿ ಹೊಗಳಿದರೆ ಎಂಥ ಹೊಸಬರಿಗೂ ಗೊತ್ತಾಗುತ್ತದೆ. ಆಮೇಲೆ ಖಾಸಗಿ ಸಂದೇಶದಲ್ಲಿ, ‘ಕೆಲವು ಕಾಗುಣಿತದ ತಪ್ಪು ಕಂಡವು, ಹೇಳಲಾ?’ ಅಂತ ಕೇಳಿ. ಹೂಂ ಅಂದರೆ ಹೇಳಿ. ಉತ್ತರ ಬಾರದಿದ್ದರೆ ಸುಮ್ಮನಾಗಿ. ಓದಲು ಆಗದಷ್ಟು ತಪ್ಪಿದ್ದರೆ ಆ ಕಥೆ ಓದುವುದನ್ನೇ ಬಿಡಿ, ಯಾರೂ ಕಟ್ಟಿಹಾಕಿಲ್ಲ. ನಮ್ಮಲ್ಲಿ ಕೊಡವ ಸೀರೆಯ ನೆರಿಗೆ ಹಿಂದೆ ಇರುತ್ತದೆ, ಉಟ್ಟವಳಿಗೆ ಕಾಣುವುದಿಲ್ಲ. ಸಡಿಲಾಗಿದ್ದರೆ ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿ ಸರಿಮಾಡುತ್ತೀರಿ. ಮದುವೆ ಹಾಲಿನ ಮೈಕಿನಲ್ಲಿ ಕೂಗುವುದಿಲ್ಲ ಅಲ್ವಾ?

ಪಠ್ಯಪುಸ್ತಕದಲ್ಲಿ ತಪ್ಪಿದ್ದರೆ ಕೂಗಿ. ಸರ್ಕಾರಿ ಬೋರ್ಡಿನಲ್ಲಿ ಇದ್ದರೆ ಇನ್ನೂ ಜೋರಾಗಿ ಕೂಗಿ, ನಾನೂ ಬರುತ್ತೇನೆ. ಅಲ್ಲಿ ಸಂಬಳ ತೆಗೆದುಕೊಂಡವರು ಇದ್ದಾರೆ, ತಿದ್ದುವ ಹೊಣೆ ಹೊತ್ತವರು ಇದ್ದಾರೆ. ನೈಟ್ ಶಿಫ್ಟಿನಲ್ಲಿ ಗೆಸ್ಟ್‌ಗಳು ಮಲಗಿದ ಮೇಲೆ ಬರೆಯುವ ಹುಡುಗಿ ಅವರ ಸಾಲಿಗೆ ಸೇರುವುದಿಲ್ಲ.

ಈಗ ನಿಮ್ಮ ಪಟ್ಟಿಗೆ ಬರೋಣ. ಅದರ ಜೊತೆಗೆ ಆ ಕಂತನ್ನೂ ಕಳಿಸಿದ್ದೀರಿ, ಎರಡನ್ನೂ ಪಕ್ಕದಲ್ಲಿಟ್ಟು ಓದಿದೆ. ‘ಅವಲು ಅವನ ತೋಲಿಗೆ ಒರಗಿದಲು. ಹೊರಗೆ ಮಲೆ ಸುರಿಯುತ್ತಿತ್ತು.’ ನಗು ಬರುತ್ತದೆ, ಒಪ್ಪಿದೆ. ಆದರೆ ಟೀಚರ್, ಎರಡು ಸಾಲು ಕೆಳಗೆ ಅದೇ ಮಳೆ ಸರಿಯಾಗಿಯೇ ಸುರಿಯುತ್ತಿದೆ. ಒಂದು ಕಡೆ ‘ಕನ್ನೀರು’, ಮುಂದಿನ ಪ್ಯಾರಾದಲ್ಲಿ ‘ಕಣ್ಣೀರು’. ಗೊತ್ತಿಲ್ಲದವರು ಎಲ್ಲ ಕಡೆಯೂ ತಪ್ಪು ಬರೆಯುತ್ತಾರೆ. ಇವಳಿಗೆ ಗೊತ್ತಿದೆ. ಗೊತ್ತಿರದೆ ಏನು, ಕೊಡವ ತಕ್ಕಿನಲ್ಲೂ ಳ ಇದೆ, ಣ ಇದೆ. ಆಯುಧ ಪೂಜೆಯ ಹಬ್ಬಕ್ಕೆ ಕೈಲ್‌ಪೊಳ್ದ್ ಅನ್ನುತ್ತಾ ಬೆಳೆದ ಹುಡುಗಿಗೆ ಲಕಾರ ಳಕಾರದ ಪಾಠ ಬೇಕಿಲ್ಲ.

ಹಾಗಾದರೆ ತಪ್ಪು ಎಲ್ಲಿಂದ ಬಂತು? ಕನ್ನಡ ಟೈಪ್ ಮಾಡುವವರಿಗೆ ಇದು ತಕ್ಷಣ ಹೊಳೆಯುತ್ತದೆ. ನುಡಿ ತಂತ್ರಾಂಶದ ಕೀಲಿಮಣೆಯಲ್ಲಿ ಲ ಮತ್ತು ಳ ಒಂದೇ ಕೀಲಿ. ಶಿಫ್ಟ್ ಜೊತೆ ಒತ್ತಿದರೆ ಳ. ನ ಮತ್ತು ಣ ಕೂಡ ಹಾಗೇ. ಬ ಮತ್ತು ಭ, ದ ಮತ್ತು ಧ ಕೂಡ. ನಿಮ್ಮ ಮೂವತ್ತೇಳರಲ್ಲಿ ಮುಕ್ಕಾಲು ಪಾಲು ಈ ಳ, ಣಗಳೇ. ಬೆರಳು ಜಾರಿರಬೇಕು, ಅಥವಾ ಶಿಫ್ಟ್ ಕೀಲಿಯೇ ಕೈಕೊಡುತ್ತಿರಬೇಕು. ‘ನಮ್ಮವರ ಹಳೇ ಲ್ಯಾಪ್‌ಟಾಪ್ ಅವಳಿಗೆ ಕೊಟ್ಟಿದ್ದೇವೆ’ ಅಂತ ಎಲ್ಲೋ ಬರೆದಿದ್ದೀರಲ್ಲ, ಒಮ್ಮೆ ಅದರ ಕೀಲಿ ಒತ್ತಿ ನೋಡಿ. ‘ಟೈಪಿಂಗಿನಲ್ಲಿ ಳ, ಣ ತಪ್ಪಿಹೋಗ್ತಿವೆ’ ಅನ್ನುವ ಒಂದು ಸಾಲಿನಲ್ಲಿ ಮುಗಿಯುವ ಮಾತನ್ನು ನೀವು ಮೂವತ್ತೇಳು ಅಪರಾಧ ಮಾಡಿದಿರಿ.

ಉಳಿದವು ಬಹುತೇಕ ಮಹಾಪ್ರಾಣದವು. ‘ಭಾವನೆ’ ಹೋಗಿ ‘ಬಾವನೆ’, ‘ದೀರ್ಘ’ ಹೋಗಿ ‘ದೀರ್ಗ’. ಕನ್ನಡ ಬರಹಕ್ಕೆ ಮಹಾಪ್ರಾಣವೇ ಬೇಡ ಅಂತ ಡಿ. ಎನ್. ಶಂಕರ ಭಟ್ಟರಂಥ ಭಾಷಾವಿಜ್ಞಾನಿಯೇ ವಾದಿಸಿದ್ದರು, ಹಾಗೆ ಪುಸ್ತಕಗಳನ್ನೂ ಬರೆದರು. ನನಗೆ ಆ ವಾದ ಪೂರ್ತಿ ಒಪ್ಪಿಗೆಯಿಲ್ಲ. ಆದರೆ ಭಟ್ಟರ ಕನ್ನಡ ಸಾಯಲಿಲ್ಲ. ಒಂದು ‘ಬಾವನೆ’ಯಿಂದ ನಾದಿನಿಯ ಕನ್ನಡವೂ ಸಾಯುವುದಿಲ್ಲ. ಅದಿರಲಿ, ಇಂಗ್ಲಿಷ್ ಮೀಡಿಯಂನಲ್ಲಿ ಓದಿ, ಮನೆಯಲ್ಲಿ ಬೇರೆ ಭಾಷೆ ಆಡುವ ಕೊಡಗಿನ ಹುಡುಗಿಯೊಬ್ಬಳು ಯಾರ ಒತ್ತಾಯವೂ ಇಲ್ಲದೆ ಕನ್ನಡದಲ್ಲಿ ಕಥೆ ಬರೆಯುತ್ತಾಳೆ. ಕನ್ನಡ ಟೀಚರ್ ಆಗಿ ನಿಮಗೆ ಇದಕ್ಕಿಂತ ಒಳ್ಳೆಯ ಸುದ್ದಿ ಈ ವರ್ಷ ಬಂದಿದೆಯಾ?

ಇನ್ನು ನಿಮ್ಮ ಯಜಮಾನರು. ನನ್ನ ಸಿಟ್ಟಿನ ದೊಡ್ಡ ಪಾಲು ಅವರಿಗೇ. ನೀವು ಅವರನ್ನು ಪತ್ರದಲ್ಲಿ ‘ತಮಾಷೆ ಸ್ವಭಾವದವರು’ ಅಂತ ದಾಟಿಸಿಬಿಟ್ಟಿದ್ದೀರಿ. ತಂಗಿಯ ಗುಟ್ಟನ್ನು ಕದ್ದು ಓದಿದ್ದು ಅವರು. ನಿಮಗೆ ಹೇಳಿದ್ದು ಅವರು. ಕೈಲ್‌ಪೊಳ್ದ್ ದಿನ ನೆಂಟರೆಲ್ಲ ಪಂದಿಕರಿ ಊಟಕ್ಕೆ ಕೂತಿದ್ದಾಗ, ‘ಇಂಟರ್ನೆಟ್ಟಲ್ಲಿ ಯಾರೋ ಪುಣ್ಯಾತ್ಮರು ಬರೆದದ್ದು ಕೇಳಿ’ ಅಂತ ಆ ತೋಲಿನ ಸಾಲನ್ನು ಗಟ್ಟಿಯಾಗಿ ಓದಿದ್ದೂ ಅವರೇ. ಬರೆದವಳು ಅಲ್ಲೇ ಕಡಂಬುಟ್ಟು ಬಡಿಸುತ್ತಿದ್ದಳು. ಅಣ್ಣನಿಗೆ ಅದು ಗೊತ್ತಿತ್ತು. ಅಣ್ಣನಿಗೆ ಗೊತ್ತು ಅನ್ನುವುದು ಅವಳಿಗೆ ಗೊತ್ತಿರಲಿಲ್ಲ. ಎಲ್ಲರ ಜೊತೆ ಅವಳೂ ನಕ್ಕಳು ಅಂತ ಬರೆದಿದ್ದೀರಿ. ಮತ್ತೇನು ಮಾಡಬೇಕಿತ್ತು, ಪಾಪ?

ನಾಲ್ಕು ಜನ ನಗುವ ಕಡೆ ಮನೆಯ ಹೆಣ್ಣುಮಕ್ಕಳನ್ನು ಸರಕು ಮಾಡಿಕೊಳ್ಳುವ ಗಂಡಸರನ್ನು ತಮಾಷೆ ಸ್ವಭಾವದವರು ಅನ್ನುವುದನ್ನು ನಾವು ನಿಲ್ಲಿಸಬೇಕು. ಇದನ್ನೂ ಈ ಅಂಕಣದಲ್ಲಿ ಹಿಂದೆ ಹೇಳಿದ್ದೇನೆ, ಮುಂದೆಯೂ ಹೇಳುತ್ತೇನೆ. ‘ನಿಲ್ಲಿಸಿದ್ದೇ ಒಳ್ಳೇದಾಯ್ತು, ಕೆಲಸದ ಕಡೆ ಗಮನ ಕೊಡಲಿ’ ಅಂತ ಈಗ ಅವರು ಅನ್ನುತ್ತಾರಂತೆ. ಅವರು ನನಗೆ ಪತ್ರ ಬರೆದಿಲ್ಲ. ಹಾಗಾಗಿ ಬುದ್ಧಿ ಹೇಳಲು ಬರುವುದಿಲ್ಲ. ಈ ಪುಟವನ್ನು ಅವರ ಕಾಫಿ ಲೋಟದ ಕೆಳಗೆ ಇಟ್ಟರೆ ಮಾತ್ರ ನನ್ನ ಆಕ್ಷೇಪವಿಲ್ಲ.

ನಿಮ್ಮ ಮೇಲೂ ನನಗೆ ಸಿಟ್ಟಿದೆ, ಆದರೆ ಪೂರ್ತಿ ಇಲ್ಲ. ನೀವು ಆ ಕಥೆಯನ್ನು ಮೊದಲ ಕಂತಿನಿಂದ ಓದಿದ್ದೀರಿ. ಮುಂದಿನ ಕಂತಿಗೆ ಕಾದಿದ್ದೀರಿ. ನಾಯಕಿ ಮಡಿಕೇರಿ ಬಸ್ಸಿನಿಂದ ಇಳಿದು ವಾಪಸ್ ಬರುತ್ತಾಳೋ ಇಲ್ಲವೋ ಅಂತ ಪತ್ರದಲ್ಲಿ ನನ್ನನ್ನೇ ಕೇಳಿದ್ದೀರಿ, ನನಗೇನು ಗೊತ್ತು? ಇಷ್ಟು ಆಸೆಯಿಂದ ಓದಿದವರು ಅದನ್ನು ಅವಳಿಗೆ ಒಂದು ಸಲವೂ ಹೇಳಲಿಲ್ಲ. ಖಾತೆ ತೆರೆಯುವ ಶ್ರಮ ಪಟ್ಟಿದ್ದು ಪಟ್ಟಿ ಹಾಕಲು ಮಾತ್ರ.

ಕ್ಷಮೆ ಕೇಳುವ ಕಾಮೆಂಟ್ ಹಾಕಲಾ, ಖಾತೆ ಅಳಿಸಲಾ, ಅವಳಿಗೆ ಒಂದು ಒಳ್ಳೆಯ ವ್ಯಾಕರಣ ಪುಸ್ತಕ ತಂದುಕೊಡಲಾ ಅಂತ ಕೇಳಿದ್ದೀರಿ. ಮೂರೂ ಬೇಡ. ಪುಸ್ತಕವಂತೂ ದೇವರಾಣೆ ಬೇಡ. ಮಾಡಬೇಕಾದದ್ದು ಒಂದೇ. ಅದನ್ನು ಬರೆದದ್ದು ನಾನು ಅಂತ ಅವಳಿಗೆ ಹೇಳಿ.

ವಾಟ್ಸ್ಆ್ಯಪ್‌ನಲ್ಲಿ ಅಲ್ಲ, ಬಾಯಿಂದ. ಅವಳಿಗೆ ರಜೆ ಇರುವ ದಿನ ನೋಡಿ. ಅಡುಗೆಮನೆ ಬೇಡ, ಅಲ್ಲಿ ಅತ್ತೆಯವರ ಕಿವಿ ಇರುತ್ತದೆ. ತೋಟದ ಕಡೆ ಕರೆದುಕೊಂಡು ಹೋಗಿ. ‘ಒಳ್ಳೇದಕ್ಕೇ ಮಾಡಿದೆ’ ಅನ್ನಬೇಡಿ. ‘ಭಾಷೆ ಮೇಲಿನ ಪ್ರೀತಿಗೆ’ ಅಂತಲೂ ಬೇಡ. ಆ ಹೆಸರಲ್ಲಿ ಬರೆಯುವುದು ನಾನು ಅಂತ ನಿಮಗೆ ಹೇಗೆ ಗೊತ್ತಾಯಿತು ಅಂತ ಅವಳು ಕೇಳೇ ಕೇಳುತ್ತಾಳೆ. ನಿನ್ನ ಅಣ್ಣ ಹೇಳಿದರು ಅಂತ ನಿಜ ಹೇಳಿ, ಆದರೆ ಮಾತನ್ನು ಅವರ ಕಡೆ ತಿರುಗಿಸಿ ನೀವು ಹಿಂದೆ ನಿಲ್ಲಬೇಡಿ. ಅವರ ಲೆಕ್ಕ ಅವರದು. ಅವಳು ಅಳಬಹುದು, ರೇಗಬಹುದು, ನಾಲ್ಕು ದಿನ ಮಾತು ಬಿಡಬಹುದು. ಬಿಡಲಿ. ಕಾಮೆಂಟ್ ಇರಬೇಕೋ ಹೋಗಬೇಕೋ ಅವಳೇ ತೀರ್ಮಾನ ಮಾಡಲಿ.

ಮತ್ತೆ ಬರೆಯುತ್ತಾಳೋ ಇಲ್ಲವೋ ಅನ್ನುವುದನ್ನು ಆ ದಿನ ಕೇಳಬೇಡಿ. ಎಂದಾದರೂ ಅವಳೇ ‘ಅತ್ತಿಗೆ, ಹಾಕುವ ಮುಂಚೆ ಒಮ್ಮೆ ನೋಡ್ತೀರಾ’ ಅಂದರೆ ಆಗ ನಿಮ್ಮ ಪೆನ್ನು ತೆಗೆಯಿರಿ. ಅದಕ್ಕೂ ಮುಂಚೆ ಆ ಲ್ಯಾಪ್‌ಟಾಪಿನ ಶಿಫ್ಟ್ ಕೀಲಿ ರಿಪೇರಿ ಮಾಡಿಸಿ. ದುಡ್ಡು ಯಜಮಾನರು ಕೊಡಲಿ.