ಗಾಜಿಗಂಟಿದ ಹಳೆಯ ಫೋಟೋ

ಪ್ರಶ್ನೆ: ತೀರ್ಥಹಳ್ಳಿ ಸಮೀಪದ ನಮ್ಮ ಮನೆಯ ಜಗಲಿಯಲ್ಲಿ ತೂಗುಹಾಕಿದ್ದ ಅಜ್ಜ-ಅಜ್ಜಿಯರ ಕಪ್ಪುಬಿಳುಪು ಫೋಟೋದ ನಡುವೆ ಮಡಿಕೆ ಬಿದ್ದಿದೆ, ಒಂದು ಭಾಗ ಗಾಜಿಗೆ ಅಂಟಿಕೊಂಡಿದೆ. ಇದನ್ನು ಸರಿಪಡಿಸಬಹುದೇ?

ಉತ್ತರ: ಅಂಟಿದ ಭಾಗವನ್ನು ದಯವಿಟ್ಟು ಎಳೆಯಬೇಡಿ. ಇಂತಹ ಹಳೆಯ ಕಪ್ಪುಬಿಳುಪು ಚಿತ್ರಗಳಲ್ಲಿ ಬಿಂಬವು ಸಾಮಾನ್ಯವಾಗಿ ಇರುವುದು ಕಾಗದದಲ್ಲಲ್ಲ, ಅದರ ಮೇಲೆ ಲೇಪಿಸಿದ ಜೆಲಟಿನ್ ಎಂಬ ಅಂಟಿನಂತಹ ವಸ್ತುವಿನ ಪದರದೊಳಗಿನ ಬೆಳ್ಳಿಯ ಕಣಗಳಲ್ಲಿ. ಮಲೆನಾಡಿನ ಮಳೆಗಾಲದ ತೇವವನ್ನು ಹೀರಿದ ಜೆಲಟಿನ್ ಉಬ್ಬಿ, ಮೆತ್ತಗಾಗಿ, ಗಾಜಿಗೆ ತಾಗಿ ಅಲ್ಲಿಯೇ ಒಣಗುತ್ತದೆ. ಆಮೇಲೆ ಎಳೆದರೆ ಮುಖ ಗಾಜಿನಲ್ಲಿ ಉಳಿದು, ಬರಿಯ ಕಾಗದ ಕೈಗೆ ಬರುತ್ತದೆ.

ಆದ್ದರಿಂದ ಗಾಜಿನ ಸಮೇತವೇ ಕನಿಷ್ಠ 600 ಡಿಪಿಐನಲ್ಲಿ (ಅಂಗುಲಕ್ಕೆ 600 ಚುಕ್ಕೆ) ಸ್ಕ್ಯಾನ್ ಮಾಡಿಸಿ, ಚಿತ್ರದ ಗುಣಮಟ್ಟ ಕುಂದದಂತೆ ಉಳಿಸುವ ಟಿಫ್ (TIFF) ಕಡತವಾಗಿ ಉಳಿಸಿಕೊಂಡು, ತಿದ್ದುಪಡಿಯನ್ನು ಅದರ ಪ್ರತಿಯ ಮೇಲೆ ಮಾತ್ರ ಮಾಡಿಸಿ. ಸೀರೆ, ಗೋಡೆ, ಕುರ್ಚಿಗಳ ಮೇಲಿನ ಗೆರೆಯನ್ನು ಕಂಪ್ಯೂಟರಿನಲ್ಲಿ ತುಂಬುವುದು ಸುಲಭ. ಮಡಿಕೆ ಕಣ್ಣಿನ ಮೇಲೋ ತುಟಿಯ ಮೇಲೋ ಹಾದಿದ್ದರೆ ಮಾತ್ರ ಸ್ವಯಂಚಾಲಿತ ತಂತ್ರಾಂಶವನ್ನು ನಂಬಬೇಡಿ. ಅದು ಇಲ್ಲದ್ದನ್ನು ಊಹಿಸಿ ತುಂಬುವುದರಿಂದ, ಚೆಂದವಾದರೂ ನಿಮ್ಮ ಅಜ್ಜಿಯದಲ್ಲದ ಮುಖವೊಂದು ಮೂಡಬಹುದು. ಅವರನ್ನು ಕಣ್ಣಾರೆ ಕಂಡ ಹಿರಿಯರೊಬ್ಬರನ್ನು ತಿದ್ದುವವರ ಪಕ್ಕದಲ್ಲಿ ಕೂರಿಸುವುದು ನನ್ನ ದೃಷ್ಟಿಯಲ್ಲಿ ಅತ್ಯಗತ್ಯ.

ಮೂಲ ಚಿತ್ರಕ್ಕೆ ಇಸ್ತ್ರಿ, ಸೆಲೋಟೇಪ್, ಲ್ಯಾಮಿನೇಷನ್ ಯಾವುದೂ ಬೇಡ. ಅಂಟಿದ್ದನ್ನು ಬಿಡಿಸಲೇಬೇಕೆಂದಿದ್ದರೆ ಆ ಕೆಲಸವನ್ನು ಛಾಯಾಚಿತ್ರ ಸಂರಕ್ಷಣೆಯಲ್ಲಿ ಪಳಗಿದವರಿಗೇ ಒಪ್ಪಿಸಿ. ಹೊಸ ಪ್ರತಿಗೆ ಚೌಕಟ್ಟು ಹಾಕಿಸುವಾಗ ಗಾಜಿಗೂ ಚಿತ್ರಕ್ಕೂ ನಡುವೆ ರಟ್ಟಿನ ಅಂಚು ಕೊಡಿಸಿ, ಮಳೆಯ ಇರಿಚಲು ಹೊಡೆಯುವ ಗೋಡೆಯನ್ನು ಬಿಟ್ಟು ಒಳಗೋಡೆಗೆ ತೂಗುಹಾಕಿ.