ಹುಲ್ಲುಗಾವಲಿನ ದುಡ್ಡು ಯಾರ ಕೈಗೆ?

ದಾವಣಗೆರೆಯ ಓದುಗರೊಬ್ಬರ ಪತ್ರ: “ಆಫ್ರಿಕಾದ ದೇಶಗಳು ಉಗುಳುವ ಹೊಗೆಯೇ ಕಡಿಮೆ. ಆ ಬಡವರಿಗೆ ಹವಾಮಾನ ಕಾಯ್ದೆ ಯಾಕೆ ಸ್ವಾಮಿ? ಮೊದಲು ರಸ್ತೆ, ಕರೆಂಟು ಬರಲಿ.”

ಉತ್ತರ: ಹೊಗೆಯ ಮಾತು ನಿಜ, ಜಗತ್ತಿನ ಲೆಕ್ಕದಲ್ಲಿ ಆ ಖಂಡದ ಪಾಲು ಶೇ. 4ರ ಆಸುಪಾಸು. ರಸ್ತೆಯೂ ಬೇಕು. ಆದರೆ ಹವಾಮಾನ ಕಾಯ್ದೆ ಎಂದರೆ ಹೊಗೆಗೆ ಹಾಕುವ ಮೂಗುದಾರ ಎಂದಷ್ಟೇ ನೀವು ತಿಳಿದಂತಿದೆ. ಕೀನ್ಯಾದ ಕಾಯ್ದೆ ಓದಿ ನೋಡಿ, ಅದರ ಜೀವ ಇರುವುದು ದುಡ್ಡಿನ ಹಂಚಿಕೆಯಲ್ಲಿ.

2016ರ ಆ ಕಾಯ್ದೆಗೆ 2023ರಲ್ಲಿ ತಿದ್ದುಪಡಿಯಾಯಿತು. ಕಾಡು, ಹುಲ್ಲುಗಾವಲು ಹಿಡಿದಿಟ್ಟ ಇಂಗಾಲವನ್ನು ಕಾರ್ಬನ್ ಕ್ರೆಡಿಟ್ (ಹೊಗೆ ಉಗುಳುವ ಕಂಪನಿಗಳು ಕೊಳ್ಳುವ, ಟನ್ ಲೆಕ್ಕದ ಪ್ರಮಾಣಪತ್ರ) ಮಾಡಿ ಮಾರುವವರು ಹಿಂದಿನ ವರ್ಷದ ಗಳಿಕೆಯಲ್ಲಿ ಕನಿಷ್ಠ ಶೇ. 40ನ್ನು ಸ್ಥಳೀಯ ಸಮುದಾಯಕ್ಕೆ ಕೊಡಬೇಕು. ನೆಲವನ್ನು ಆಧರಿಸದ ಯೋಜನೆಯಾದರೆ ಶೇ. 25. ಎಡವುವುದು ‘ಗಳಿಕೆ’ ಎಂಬ ಪದದಲ್ಲೇ. ಕೋಟಿ ಬಂತು, ಖರ್ಚು 60 ಲಕ್ಷ ಎನ್ನಿ. ಖರ್ಚು ಕಳೆಯದೆ ಲೆಕ್ಕ ಹಾಕಿದರೆ ಜನರಿಗೆ 40 ಲಕ್ಷ; ಕಳೆದು ಹಾಕಿದರೆ 16 ಲಕ್ಷ. ಆದ್ದರಿಂದ ಯಾವ ಖರ್ಚು ಕಳೆಯಬಹುದು, ಎಷ್ಟರವರೆಗೆ, ಲೆಕ್ಕ ತಪಾಸಣೆ ಯಾರದು ಎಂಬುದು ಸಮುದಾಯದ ಜೊತೆಗಿನ ಕರಾರಿನಲ್ಲೇ ಬರೆದಿರಬೇಕು.

ಇನ್ನು ಆ ಕರಾರಿಗೆ ಜನರ ಪರವಾಗಿ ಸಹಿ ಹಾಕುವವರು ಯಾರು ಎಂಬ ಪ್ರಶ್ನೆ. ಅಲ್ಲಿನ ಸಮುದಾಯ ಭೂಮಿ ಕಾಯ್ದೆಯ ಪ್ರಕಾರ ಜನ ಸಭೆ ಸೇರಿ 7ರಿಂದ 15 ಮಂದಿಯ ಸಮಿತಿ ಆರಿಸಿ, ಭೂಮಿ ನೋಂದಾಯಿಸಬೇಕು. ಹೂಡಿಕೆದಾರನ ಕರಾರು ಊರ್ಜಿತವಾಗಲು ವಯಸ್ಕರಲ್ಲಿ ಮೂರನೇ ಎರಡರಷ್ಟು ಮಂದಿ ಸಭೆಯಲ್ಲಿ ಒಪ್ಪಬೇಕು. ನೋಂದಣಿಯಾಗದ ಭೂಮಿ ಕೌಂಟಿ (ನಮ್ಮ ಜಿಲ್ಲೆಯಂಥದ್ದು) ಸರ್ಕಾರದ ಸುಪರ್ದಿನಲ್ಲಿ ಉಳಿಯುತ್ತದೆ. ದನ ಮೇಯಿಸುವವರ ಕೈಯಲ್ಲಿ ಕಾಗದವೇ ಇರುವುದಿಲ್ಲ. ಇಂಗಾಲದ ವ್ಯಾಪಾರಿ ನುಗ್ಗುವುದು ಈ ಸಂದಿಯಲ್ಲೇ.

ಕೀನ್ಯಾದ ಉತ್ತರಕ್ಕಿರುವ ಇಸಿಯೋಲೊ ಕೌಂಟಿಯಲ್ಲಿ ಆದದ್ದು ನೋಡಿ. ಬಿಲಿಖೊ ಬುಲೆಸಾ, ಚೆರಾಬ್ ಎಂಬ ಎರಡು ವನ್ಯಜೀವಿ ಸಂರಕ್ಷಣಾ ಪ್ರದೇಶಗಳನ್ನು ಜನರನ್ನು ಸರಿಯಾಗಿ ಕೇಳದೆ, ಕಾನೂನು ಮೀರಿ ಸ್ಥಾಪಿಸಲಾಗಿದೆ ಎಂದು 2025ರ ಜನವರಿಯಲ್ಲಿ ಅಲ್ಲಿನ ನ್ಯಾಯಾಲಯ ತೀರ್ಪಿತ್ತಿತು. ಬಿಲಿಖೊ ಬುಲೆಸಾ ಒಂದು ಭಾರೀ ಹುಲ್ಲುಗಾವಲು ಕಾರ್ಬನ್ ಯೋಜನೆಯ ಭಾಗ. ದನಗಳನ್ನು ಸರದಿಯಂತೆ ಬೇರೆ ಬೇರೆ ಕಡೆ ಮೇಯಿಸಿದರೆ ಹುಲ್ಲು ಚಿಗುರಿ, ಬೇರಿನ ಮೂಲಕ ಇಂಗಾಲ ಮಣ್ಣಿಗಿಳಿಯುತ್ತದೆ ಎಂಬುದು ಆ ಯೋಜನೆಯ ವಾದ. ಮಳೆಗಾಲಕ್ಕೊಂದು, ಬೇಸಿಗೆಗೊಂದು ಹುಲ್ಲುಗಾವಲು ಗೊತ್ತುಮಾಡಿ, ಬಾವಿಯ ಸರದಿಯನ್ನೂ ನಿಗದಿಪಡಿಸುವ ‘ದೇಢಾ’ ಹಿರಿಯರ ಕೂಟ ಅಲ್ಲಿನ ದನಗಾಹಿ ಸಮುದಾಯವಾದ ಬೊರಾನಾ ಜನರಲ್ಲಿ ತಲೆತಲಾಂತರದಿಂದ ಇದೆ! ಅವರ ವಿವೇಕವನ್ನೇ ಅವರಿಗೆ ಕಲಿಸಿ, ಆಮೇಲೆ ಅದನ್ನು ಮಾರಲು ಹೊರಡುವುದು ನನಗಂತೂ ಸಹಿಸಲಾಗದ ಸಂಗತಿ.

ನಮ್ಮ ಪತ್ರಿಕೆಗಳ ಮೇಲೂ ನನ್ನ ದೂರಿದೆ. 2024ರಲ್ಲಿ ಬಾಕುವಿನಲ್ಲಿ ನಡೆದ ವಿಶ್ವಸಂಸ್ಥೆಯ ಹವಾಮಾನ ಸಮ್ಮೇಳನ ಬಡ ದೇಶಗಳಿಗೆ ವರ್ಷಕ್ಕೆ 300 ಶತಕೋಟಿ ಡಾಲರ್ ಎಂದಾಗ ದಪ್ಪಕ್ಷರದಲ್ಲಿ ಅಚ್ಚಾಯಿತು. ಆ ಗುರಿ 2035ಕ್ಕೆ ಎಂಬುದು, ಅದರಲ್ಲಿ ಸಾಲವೂ ಸೇರುತ್ತದೆ ಎಂಬುದು ಎಷ್ಟು ಓದುಗರಿಗೆ ತಲುಪಿತು? ನೀವು ಕೇಳುವ ರಸ್ತೆಗೂ ಕರೆಂಟಿಗೂ ಆ ಶೇ. 40ರ ಹಣವೇ ಆದೀತು. ಅದಕ್ಕೆ ಮೊದಲು ಬೊರಾನಾ ದನಗಾಹಿಯ ಹೆಸರು ಭೂಮಿಯ ನೋಂದಣಿ ಪುಸ್ತಕಕ್ಕೆ ಏರಬೇಕು.