ಆಂಡ್ರಾಯ್ಡ್ ಕ್ರೋಮ್‌ನಲ್ಲಿ ಆಡ್ ಬ್ಲಾಕರ್ ಯಾಕೆ ಸಿಗುತ್ತಿಲ್ಲ?

ಕಾಫಿ, ಕರಿಮೆಣಸಿನ ರೇಟ್ ನೋಡೋಕೆ ಹೋದರೆ ಪರದೆ ತುಂಬಾ ಜಾಹೀರಾತು ಬರುತ್ತೆ, ಕ್ರೋಮ್‌ಗೆ ಆಡ್ ಬ್ಲಾಕರ್ ಹಾಕೋದು ಹೇಗೆ ಅಂತ ಕೇಳಿದ್ದೀರಿ. ಆಂಡ್ರಾಯ್ಡ್ ಫೋನಿನ ಕ್ರೋಮ್‌ನಲ್ಲಿ ಎಕ್ಸ್‌ಟೆನ್ಶನ್ (ಬ್ರೌಸರ್‌ಗೆ ಸೇರಿಸೋ ಚಿಕ್ಕ ಪ್ರೋಗ್ರಾಂ, ಆಡ್ ಬ್ಲಾಕರ್ ಕೂಡ ಅಂಥದ್ದೇ) ಹಾಕೋಕೆ ಆಗಲ್ಲ, ಸುಮ್ನೆ ಹುಡುಕಬೇಡಿ. ಫೈರ್‌ಫಾಕ್ಸ್ ಬ್ರೌಸರ್ ಇನ್‌ಸ್ಟಾಲ್ ಮಾಡಿ, ಮೆನುವಿನಲ್ಲಿ ಎಕ್ಸ್‌ಟೆನ್ಶನ್ಸ್ ಒತ್ತಿ 'ಯುಬ್ಲಾಕ್ ಒರಿಜಿನ್' ಅನ್ನೋ ಆಡ್ ಬ್ಲಾಕರ್ ಸೇರಿಸಿ. ಅದು ಉಚಿತ. ಹೆಸರು ಪೂರ್ತಿ ನೋಡಿಕೊಳ್ಳಿ, ಬರೀ 'ಯುಬ್ಲಾಕ್' ಅನ್ನೋದು ಬೇರೆ.

ನಾನಿರೋದು ಕೊಡಗಿನ ನಾಪೋಕ್ಲು ಕಡೆ. ಜುಲೈ ಮಳೆಯಲ್ಲಿ ಕರೆಂಟ್ ಹೋಗಿ, ಸಿಗ್ನಲ್ ಒಂದು ಕಡ್ಡಿಗೆ ಇಳಿದಾಗಲೇ ಯುಬ್ಲಾಕ್ ಒರಿಜಿನ್‌ನ ಬೆಲೆ ಗೊತ್ತಾಗೋದು, ಯಾಕೆಂದರೆ ಇದು ಜಾಹೀರಾತನ್ನು ಬರೀ ಮರೆಮಾಡಲ್ಲ, ಹೆಚ್ಚಿನವನ್ನು ಡೌನ್‌ಲೋಡ್ ಆಗೋಕೇ ಬಿಡಲ್ಲ, ಹಾಗಾಗಿ ಡೇಟಾನೂ ಉಳಿಯುತ್ತೆ, ಪೇಜೂ ಬೇಗ ತೆರೆಯುತ್ತೆ.

ಬೇರೆ ಆ್ಯಪ್‌ಗಳಲ್ಲೂ ಜಾಹೀರಾತಿನ ಕಾಟ ಜಾಸ್ತಿ ಇದ್ದರೆ, ಆಂಡ್ರಾಯ್ಡ್ 9 ಅಥವಾ ಅದಕ್ಕಿಂತ ಹೊಸದರಲ್ಲಿ ಸೆಟ್ಟಿಂಗ್ಸ್‌ನಲ್ಲಿ 'ಪ್ರೈವೇಟ್ ಡಿಎನ್‌ಎಸ್' (ಸೈಟ್‌ಗಳ ವಿಳಾಸ ಹುಡುಕಿಕೊಡೋ ಸೇವೆಯನ್ನು ಆರಿಸೋ ಜಾಗ) ಇದೆ, ಅಲ್ಲಿ ಜಾಹೀರಾತು ತಡೆಯೋ ಆಡ್‌ಗಾರ್ಡ್‌ನ ಡಿಎನ್‌ಎಸ್ ವಿಳಾಸ ಹಾಕಿ. ಯೂಟ್ಯೂಬ್ ಆ್ಯಪ್‌ನ ಜಾಹೀರಾತು ಮಾತ್ರ ಇದರಿಂದ ನಿಲ್ಲಲ್ಲ. ಮನೆಯಲ್ಲಿ ಐಫೋನ್ ಇದ್ದರೆ ಸಫಾರಿಗೆ ಕಂಟೆಂಟ್ ಬ್ಲಾಕರ್ ಆ್ಯಪ್ ಸಿಗುತ್ತೆ.

ಬ್ಯಾಂಕ್ ಪೇಜ್ ಏನಾದರೂ ಸರಿಯಾಗಿ ತೆರೆಯದಿದ್ದರೆ ಆ ಸೈಟ್‌ಗೆ ಮಾತ್ರ ಯುಬ್ಲಾಕ್ ಒರಿಜಿನ್ ಆಫ್ ಮಾಡಿ. ಎಲ್ಲಾದರೂ ಸಿಕ್ಕಿಕೊಂಡರೆ ಇಲ್ಲೇ ಕೇಳಿ, ಹೇಳ್ತೀನಿ.